ಬರಹಕ್ಕೊಂದು ಕೌದಿ

ದಿನಚರಿ, ಮನೆಯ ಲೆಕ್ಕ, ಹಾಡು, ಅಡುಗೆಯ ಅಳತೆ ಅಥವಾ ತೋಟದ ವಿವರಗಳನ್ನು ಬರೆದಿಡುವ ಪುಸ್ತಕಕ್ಕೆ, ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯೊಂದನ್ನು ಕೈಯಾರೆ ಸಿದ್ಧಪಡಿಸಿ ಉಡುಗೊರೆಯಾಗಿ ಕೊಡುವ ರೂಢಿ ಈಚೆಗೆ ನಗರಗಳ ಕರಕುಶಲ ಮಳಿಗೆಗಳ ಮೂಲಕ ಹೊಸದಾಗಿ ಪ್ರಚಾರಕ್ಕೆ ಬಂದಿದೆ. ಆದರೆ ಈ ವಸ್ತುವಿನಲ್ಲಿ ಕೂಡಿಕೊಂಡಿರುವ ಎರಡು ಕೆಲಸಗಳು, ಅಂದರೆ ಬರಹವನ್ನು ಬಟ್ಟೆಯಲ್ಲಿಟ್ಟು ಕಾಪಾಡುವುದು ಮತ್ತು ಉಟ್ಟು ಹಳೆಯದಾದ ಬಟ್ಟೆಯನ್ನು ಪದರಗಟ್ಟಿ ಹೊಲಿದು ಮತ್ತೊಂದು ಬಾಳಿಕೆಗೆ ಒದಗಿಸುವುದು, ಕನ್ನಡನಾಡಿನಲ್ಲಿ ಬಹುಕಾಲದಿಂದ ಬೇರೆ ಬೇರೆಯಾಗಿ ನಡೆದುಬಂದವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕುಳಿತು ಇಂಥದೊಂದು ಹೊದಿಕೆಯನ್ನು ಹೊಲಿಯಬಯಸುವವರಿಗೆ ಬೇಕಾದ ಸಾಮಗ್ರಿಯಷ್ಟೇ ಅಲ್ಲದೆ, ಅದರ ಹಿಂದಿರುವ ತಿಳಿವಳಿಕೆಯೂ ಸುತ್ತಮುತ್ತಲೇ ದೊರೆಯುತ್ತದೆ.

ಬಟ್ಟೆಯೇ ಪುಟವಾಗಿದ್ದ ಕಾಲ

ಹಳೆಯ ಮೈಸೂರು ಸೀಮೆಯಲ್ಲಿ ಕಾಗದ ಎಲ್ಲರ ಕೈಗೆ ಎಟುಕುವ ಮೊದಲು ವ್ಯಾಪಾರಿಗಳು, ಶಾನುಭೋಗರು ಮತ್ತು ಮಠಗಳ ಆಡಳಿತ ನೋಡುತ್ತಿದ್ದವರು ಲೆಕ್ಕಪತ್ರಗಳಿಗೆ ಕಡತವನ್ನು ಬಳಸುತ್ತಿದ್ದರು. ಕಡತವೆಂದರೆ ಹತ್ತಿಯ ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿ, ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಚಿದ ಪುಸ್ತಕ. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಬಳಪ ಮೆದುವಾದ ಕಲ್ಲಿನ ಕಡ್ಡಿ. ತುರುವೇಕೆರೆಯಲ್ಲೂ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲೂ ಹೊಯ್ಸಳ ಶಿಲ್ಪಿಗಳು ಸೂಕ್ಷ್ಮ ಕೆತ್ತನೆಗೆ ಆರಿಸಿಕೊಂಡದ್ದು ಇದೇ ಜಾತಿಯ ಬಳಪದ ಕಲ್ಲನ್ನು.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸತೊಡಗಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಕಡತದ ವಿವರಣೆ ಬರುತ್ತದೆ. ಬಟ್ಟೆ ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ ಇರುತ್ತಿತ್ತೆಂದೂ, ಮೊದಲ ಮತ್ತು ಕೊನೆಯ ಮಡಿಕೆಗಳಿಗೆ ಬಣ್ಣ ಬಳಿದ ಮರದ ಹಲಗೆಗಳನ್ನು ಅಂಟಿಸುತ್ತಿದ್ದರೆಂದೂ, ಹೀಗೆ ಸಿದ್ಧವಾದ ಪುಸ್ತಕವನ್ನು ರೇಷ್ಮೆಯ ಅಥವಾ ಹತ್ತಿಯ ಚೀಲದಲ್ಲಿ ಇಡುತ್ತಿದ್ದರೆಂದೂ, ಇಲ್ಲವೆ ಪಟ್ಟಿಯಿಂದಲೋ ದಾರದಿಂದಲೋ ಕಟ್ಟುತ್ತಿದ್ದರೆಂದೂ ಅವರು ಬರೆದಿದ್ದಾರೆ. ಪುಟವೂ ಬಟ್ಟೆ, ಹೊದಿಕೆಯೂ ಬಟ್ಟೆಯಾಗಿದ್ದ ಈ ಲೆಕ್ಕದ ಪುಸ್ತಕ ಇಂದಿನ ಬಟ್ಟೆ ಹೊದಿಕೆಯ ದಿನಚರಿಗೆ ಕನ್ನಡನಾಡಿನಲ್ಲೇ ಸಿಗುವ ಹತ್ತಿರದ ಪೂರ್ವಜ.

ಓಲೆಗರಿಯ ಗ್ರಂಥಗಳಿಗೂ ಇದೇ ಬಗೆಯ ಆರೈಕೆ ಇತ್ತು. ಗರಿಗಳ ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಬಿಗಿದು, ಇಡೀ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದುದರಿಂದ ಧೂಳು ಒಳಸೇರುತ್ತಿರಲಿಲ್ಲ, ಗರಿಯ ಅಂಚು ಮುರಿಯುತ್ತಿರಲಿಲ್ಲ. ಬರಹವನ್ನು ಕಾಪಾಡುವುದರ ಜೊತೆಗೆ ಕೊಡುವುದಕ್ಕೂ ಈ ನಾಡು ಗೌರವದ ಸ್ಥಾನ ಕೊಟ್ಟಿತ್ತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಾಳಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಜೈನರು ಶಾಸ್ತ್ರದಾನವೆಂದು ಕರೆಯುವ, ಅಂದರೆ ಗ್ರಂಥವನ್ನೇ ದಾನ ಮಾಡುವ ಆಚಾರದ ದೊಡ್ಡ ನಿದರ್ಶನ. ಬರೆದ ಪುಸ್ತಕವನ್ನು ಕೊಡುವ ಈ ಆಚಾರದ ಪಕ್ಕದಲ್ಲಿ, ಇನ್ನೂ ಬರೆಯದ ಪುಸ್ತಕವನ್ನು ಹೊದಿಕೆಯೊಡನೆ ಕೊಡುವುದು ಬರೆಯಲಿರುವವರ ಮೇಲಿಟ್ಟ ನಂಬಿಕೆಯ ಉಡುಗೊರೆಯಾಗುತ್ತದೆ.

ಕೌದಿಯಿಂದ ಕಲಿಯಬೇಕಾದದ್ದು

ಹೊದಿಕೆಯ ಹೊಲಿಗೆಗೆ ಗುರುವಾಗಬಲ್ಲದ್ದು ಕೌದಿ. ಉಟ್ಟು ಸವೆದ ಸೀರೆ, ಪಂಚೆ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹರಡಿ, ಓಟದ ಹೊಲಿಗೆಯಿಂದ, ಅಂದರೆ ಸೂಜಿಯನ್ನು ಸಮ ಅಂತರದಲ್ಲಿ ಮೇಲೆ ಕೆಳಗೆ ಆಡಿಸುತ್ತ ನೇರ ಸಾಲಿನಲ್ಲಿ ಸಾಗುವ ಸರಳ ಹೊಲಿಗೆಯಿಂದ, ಎಲ್ಲ ಪದರಗಳನ್ನೂ ಒಂದುಗೂಡಿಸಿದ ಹಾಸು ಹೊದಿಕೆಯೇ ಕೌದಿ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆ ಮನೆಮನೆಯಲ್ಲೂ ಇದು ಇದ್ದೇ ಇರುತ್ತಿತ್ತು. ಊರೂರು ಸುತ್ತಿ ಕೂಲಿಗೆ ಕೌದಿ ಹೊಲಿದುಕೊಡುವ ಮಹಿಳೆಯರೂ ಇದ್ದರು. ದಕ್ಷಿಣದ ಜಿಲ್ಲೆಗಳಲ್ಲಿ ಇಂಥ ಚಿಂದಿಯ ಹೊದಿಕೆಯನ್ನು ಬೊಂತೆ ಎನ್ನುವುದುಂಟು. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ, ಜಪಾನಿನ ಸಾಶಿಕೊ ಇವೆಲ್ಲವೂ ಓಟದ ಹೊಲಿಗೆಯನ್ನೇ ನೆಚ್ಚಿಕೊಂಡ ಕಲೆಗಳು.

ಕೌದಿಯ ಬಲ ಅದರ ಸರಳತೆಯಲ್ಲೇ ಇದೆ. ಒಂದೊಂದು ಹೊಲಿಗೆ ಸಣ್ಣದಾದರೂ ಸಾಲುಗಳು ಒತ್ತೊತ್ತಾಗಿರುವುದರಿಂದ ಎಳೆತದ ಭಾರ ಎಲ್ಲ ಹೊಲಿಗೆಗಳಿಗೂ ಹಂಚಿಹೋಗುತ್ತದೆ; ಪದರಗಳು ಒಂದರ ಮೇಲೊಂದು ಜಾರುವುದಿಲ್ಲ; ಒಂದು ಕಡೆ ನೂಲು ಹರಿದರೂ ಉಳಿದ ಸಾಲುಗಳು ಬಟ್ಟೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಕೌದಿಯಲ್ಲಿ ಬೆಚ್ಚಗಿಡುವ ಕೆಲಸ ಮಾಡಿದರೆ, ಪುಸ್ತಕದ ಹೊದಿಕೆಯಲ್ಲಿ ಅದೇ ಮೆತ್ತನೆ ರಟ್ಟಿನ ಮೂಲೆಗಳು ಮಡಚಿ ಸುಲಿಯದಂತೆ ಕಾಯುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿ ಈ ಕಲೆಯ ವಿಶಿಷ್ಟ ರೂಪ. ಸಾಮಾನ್ಯವಾಗಿ ತುಂಡುಗಳನ್ನು ಮೊದಲು ಪರಸ್ಪರ ಜೋಡಿಸಿ, ಆ ಮೇಲೆ ಒಳಪದರಕ್ಕೆ ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಮಹಿಳೆಯರಾದರೋ ಕೆಳಗೆ ಸೀರೆಯನ್ನು ಹಾಸಿ, ತುಂಡುಗಳ ಅಂಚನ್ನು ಒಳಕ್ಕೆ ಮಡಚಿ ಒಂದೊಂದಾಗಿ ಇರಿಸುತ್ತ, ಒಂದು ಮೂಲೆಯಿಂದ ಹೊರಟು ಅಂಚಿನ ಸುತ್ತಲೂ ಹೊಲಿಯುತ್ತ ಕ್ರಮೇಣ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದು, ಪದರ ಸೇರಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಫೂಲ, ಅಂದರೆ ಹೂವು, ಬಿದ್ದ ಮೇಲೆಯೇ ಕವಂದಿ ಪೂರ್ಣವಾಯಿತೆಂದು ಎಣಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಮೂಲಕ ಈ ಕವಂದಿಗಳು ಹೊರದೇಶಗಳ ಪ್ರದರ್ಶನಗಳನ್ನೂ ಕಂಡಿವೆ. ಹೊಲಿಗೆ ಯಂತ್ರವಿಲ್ಲದವರು ಪುಸ್ತಕದ ಹೊದಿಕೆಯ ಮೇಲ್ಪದರವನ್ನು ಈ ಕ್ರಮದಲ್ಲೇ ಕೈಯಿಂದ ಹೊಲಿದು ಮುಗಿಸಬಹುದು.

ಬಟ್ಟೆಯ ಆಯ್ಕೆ

ಹಳೆಯ ಹತ್ತಿ ಬಟ್ಟೆಯೇ ಈ ಕೆಲಸಕ್ಕೆ ಮೇಲು. ಹಲವು ವರ್ಷ ಒಗೆದ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ, ಬಿಡಬೇಕಾದಷ್ಟು ಬಣ್ಣ ಬಿಟ್ಟಿರುತ್ತದೆ. ಎಳೆಗಳು ಸಡಿಲವಾಗಿರುವುದರಿಂದ ಹಲವು ಪದರಗಳ ನಡುವೆಯೂ ಸೂಜಿ ಸರಾಗವಾಗಿ ಹಾಯುತ್ತದೆ. ಆದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ತೆಳುವಾದ ಜಾಗವನ್ನು ಬಿಟ್ಟು ಗಟ್ಟಿ ಭಾಗವನ್ನೇ ಕತ್ತರಿಸಿಕೊಳ್ಳಬೇಕು. ಸೀರೆಯಲ್ಲಿ ಸಾಮಾನ್ಯವಾಗಿ ನೆರಿಗೆಯ ಕೆಳಗಿನ ಅಂಚು ಬೇಗ ಸವೆಯುತ್ತದೆ. ಸೆರಗು ಮತ್ತು ಒಳಸುತ್ತಿನ ಭಾಗ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತದೆ.

ಹೊಸ ಕೈಮಗ್ಗದ ಬಟ್ಟೆ ಅಥವಾ ಖಾದಿ ಬಳಸುವವರು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಹೊದಿಕೆ ಕುಗ್ಗಿ ಪುಸ್ತಕಕ್ಕೆ ಹಿಡಿಸದಂತಾಗುತ್ತದೆ. ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆಯ ಬಿಳಿ ಬಟ್ಟೆಯನ್ನು ಉಜ್ಜಿ ಬಣ್ಣ ಬಿಡುವುದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ ಮುಂತಾದ ನೇಯ್ಗೆಗಳು ಮೇಲ್ಪದರಕ್ಕೆ ಸೊಗಸು ತರುತ್ತವೆ. ಹಳೆಯ ರೇಷ್ಮೆ ಸೀರೆಗಳಲ್ಲಿ ಜರಿಯ ಭಾರಕ್ಕೆ ಎಳೆ ಸೀಳುವ ಸಾಧ್ಯತೆ ಇರುವುದರಿಂದ, ಅಂಥ ತುಂಡಿನ ಹಿಂದೆ ತೆಳು ಹತ್ತಿ ಬಟ್ಟೆಯನ್ನು ಆಸರೆಯಾಗಿ ಇಡಬೇಕಾಗುತ್ತದೆ.

ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಸಾಗುವ ಎಳೆ ಹಾಸು, ಅಡ್ಡಕ್ಕೆ ಸಾಗುವ ಎಳೆ ಹೊಕ್ಕು. ತುಂಡುಗಳನ್ನು ಈ ಎಳೆಗಳ ನೇರಕ್ಕೇ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ತುಂಡು ಕೈಯಲ್ಲೇ ಹಿಗ್ಗುವುದರಿಂದ ಚೌಕಗಳು ಚೌಕವಾಗಿ ಉಳಿಯುವುದಿಲ್ಲ. ನಡುಪದರಕ್ಕೆ ಹಳೆಯ ಫ್ಲಾನೆಲ್, ಸವೆದ ಟವೆಲ್ ಅಥವಾ ಪಂಚೆಯ ಎರಡು ಮಡಿಕೆ ಸಾಕು. ಈ ಬಯಲುಸೀಮೆಯ ಕುರುಬರು ನೇಯುವ ಕಂಬಳಿಯ ಚಿಕ್ಕ ತುಂಡನ್ನೂ ಇಡಬಹುದು. ಕಂಬಳಿಯ ಹಾಸಿನ ಎಳೆಗಳಿಗೆ ಸಾಂಪ್ರದಾಯಿಕವಾಗಿ ಬಳಿಯುವುದು ಕಡತಕ್ಕೆ ಬಳಿಯುತ್ತಿದ್ದ ಹುಣಸೆ ಬೀಜದ ಅಂಟನ್ನೇ; ಅದರ ಬಿರುಸು ಹೋಗಲು ಕಂಬಳಿಯನ್ನು ಮೊದಲೇ ತಣ್ಣೀರಿನಲ್ಲಿ ನೆನೆಸಿ ಚೆನ್ನಾಗಿ ಒಗೆದು ಒಣಗಿಸಬೇಕು. ತೆಂಗಿನ ಸೀಮೆಯಲ್ಲಿ ಹೇರಳವಾಗಿ ಸಿಗುವ ನಾರನ್ನು ಮಾತ್ರ ನಡುಪದರಕ್ಕೆ ಬಳಸಬಾರದು; ಅದರ ಒರಟು ಎಳೆಗಳು ಬಟ್ಟೆಯನ್ನು ಚುಚ್ಚಿ ಹೊರಬರುತ್ತವೆ.

ಅಳತೆ ಮತ್ತು ಹೊಲಿಗೆ

ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎ5 ಅಳತೆಯ ನೋಟ್‌ಪುಸ್ತಕ 14.8 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ ಇರುತ್ತದೆ. ಅದರ ಬೆನ್ನು ಒಂದೂವರೆ ಸೆಂಟಿಮೀಟರ್ ದಪ್ಪವಿದ್ದರೆ ಮುಂದಿನ ರಟ್ಟು, ಬೆನ್ನು, ಹಿಂದಿನ ರಟ್ಟು ಸೇರಿ ಒಟ್ಟು ಅಗಲ ಸುಮಾರು 31 ಸೆಂಟಿಮೀಟರ್ ಆಗುತ್ತದೆ. ಅಗಲ ಎತ್ತರ ಎರಡಕ್ಕೂ ಒಂದೊಂದು ಸೆಂಟಿಮೀಟರ್ ಸಡಿಲವನ್ನೂ, ನಾಲ್ಕೂ ಬದಿಗೆ ಒಂದೊಂದು ಸೆಂಟಿಮೀಟರ್ ಹೊಲಿಗೆಯ ಅಂಚನ್ನೂ ಸೇರಿಸಿದರೆ ಹೊರಮೈಯ ಬಟ್ಟೆ 34 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಎತ್ತರ ಇರಬೇಕೆಂದಾಗುತ್ತದೆ. ಪುಸ್ತಕದ ಅಳತೆಯನ್ನು ಮುಚ್ಚಿದ ಸ್ಥಿತಿಯಲ್ಲಿಯೇ, ಮುಂದಿನ ಅಂಚಿನಿಂದ ಬೆನ್ನನ್ನು ಬಳಸಿ ಹಿಂದಿನ ಅಂಚಿನವರೆಗೆ ಟೇಪು ಸುತ್ತಿ ತೆಗೆದುಕೊಳ್ಳುವುದು ಮುಖ್ಯ. ಪುಸ್ತಕ ಮುಚ್ಚಿದಾಗ ಹೊದಿಕೆ ಬೆನ್ನಿನ ಸುತ್ತ ಹೆಚ್ಚು ದೂರ ಸಾಗಬೇಕಾದ್ದರಿಂದ, ತೆರೆದಿಟ್ಟ ಪುಸ್ತಕಕ್ಕೆ ಬಿಗಿಯಾಗಿ ಹೊಂದುವ ಹೊದಿಕೆ ಪುಸ್ತಕವನ್ನು ಮುಚ್ಚಲು ಬಿಡುವುದಿಲ್ಲ. ನಡುಪದರಕ್ಕೆ ಕಂಬಳಿಯಂಥ ದಪ್ಪ ಬಟ್ಟೆ ಇಡುವವರು ಇನ್ನೂ ಅರ್ಧ ಸೆಂಟಿಮೀಟರ್ ಸಡಿಲ ಬಿಡಬೇಕು.

ಮೇಲ್ಪದರಕ್ಕೆ 9 ಸೆಂಟಿಮೀಟರಿನ 20 ಚೌಕಗಳು ಬೇಕು. ಅವನ್ನು ಸಾಲಿಗೆ ಐದರಂತೆ ನಾಲ್ಕು ಸಾಲುಗಳಾಗಿ ಹರಡಿ, ಒಂದೇ ಬಣ್ಣದವು ಒತ್ತಟ್ಟಿಗೆ ಬಾರದಂತೆ ಹೊಂದಿಸಿಕೊಂಡು, ಒಂದು ಸೆಂಟಿಮೀಟರ್ ಅಂಚು ಬಿಟ್ಟು ಜೋಡಿಸಿದರೆ 37 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬಟ್ಟೆ ಸಿದ್ಧವಾಗುತ್ತದೆ. ಬೇಕಾದ ಅಳತೆಗಿಂತ ಇದು ದೊಡ್ಡದಾಗಿರುವುದು ಉದ್ದೇಶಪೂರ್ವಕ. ಪದರಗಳನ್ನು ಸೇರಿಸಿ ಹೊಲಿಯುವಾಗ ಪ್ರತಿ ಸಾಲೂ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಸೆಳೆದುಕೊಳ್ಳುವುದರಿಂದ ಕೊನೆಯಲ್ಲಿ ಕತ್ತರಿಸಿ ಸರಿಪಡಿಸಲು ಅವಕಾಶ ಬೇಕಾಗುತ್ತದೆ. ಮೇಲ್ಪದರದ ಕೆಳಗೆ ನಡುಪದರ, ಅದರ ಕೆಳಗೆ ಒಂದು ತೆಳು ಹಳೆಯ ಬಟ್ಟೆ ಹಾಸಿ, ಸುಕ್ಕು ತೆಗೆದು, ಮೂರನ್ನೂ ಕಚ್ಚಾ ಹೊಲಿಗೆಯಿಂದ, ಅಂದರೆ ಆಮೇಲೆ ಬಿಚ್ಚಿಹಾಕುವ ಉದ್ದುದ್ದ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿದಿಡಬೇಕು.

ಅನಂತರದ ಓಟದ ಹೊಲಿಗೆಯನ್ನು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಸಾಗಿಸಿದರೆ ಬಟ್ಟೆಯ ಸಡಿಲ ಹೊರಕ್ಕೆ ಸರಿಯುತ್ತದೆ. ಅಂಚಿನಿಂದ ಆರಂಭಿಸಿದರೆ ಅದೇ ಸಡಿಲ ನಡುವೆ ಗುಪ್ಪೆಗಟ್ಟುವ ಸಂಭವವಿದೆ. ಸಿದ್ದಿ ಮಹಿಳೆಯರು ಅಂಚಿನಿಂದ ನಡುವಿಗೆ ಬಂದರೂ ಈ ತೊಡಕಿಗೆ ಸಿಲುಕದಿರುವುದಕ್ಕೆ ಕಾರಣ, ಅವರು ತುಂಡುಗಳನ್ನು ಹೊಲಿಯುತ್ತ ಹೋದಂತೆ ಇರಿಸುವುದೇ ಆಗಿದೆ. ಕೈಹೊಲಿಗೆಯಲ್ಲಿ ಅಂಗುಲಕ್ಕೆ ನಾಲ್ಕೈದು ಹೊಲಿಗೆ, ಸಾಲಿನಿಂದ ಸಾಲಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಂತರ ಇಟ್ಟುಕೊಂಡರೆ ಹೊದಿಕೆ ಗಟ್ಟಿಯಾಗಿಯೂ ಬಾಗುವಂತೆಯೂ ಇರುತ್ತದೆ. ಪಾದದಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಮಾಡುವವರು 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ಮೂರು ಮಿಲಿಮೀಟರಿಗೆ ಇಡುವುದು ವಾಡಿಕೆ.

ಹೊಲಿಗೆ ಮುಗಿದ ಮೇಲೆ ಬಟ್ಟೆಯನ್ನು 34ಕ್ಕೆ 24 ಸೆಂಟಿಮೀಟರಿಗೆ ಕತ್ತರಿಸಿ, ಅದೇ ಅಳತೆಯ ಒಂದು ಒಳಬಟ್ಟೆಯನ್ನೂ, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಎತ್ತರದ ಎರಡು ತುಂಡುಗಳನ್ನೂ ಸಿದ್ಧಮಾಡಿಕೊಳ್ಳಬೇಕು. ಈ ಎರಡು ತುಂಡುಗಳನ್ನು 9 ಸೆಂಟಿಮೀಟರಿಗೆ ಮಡಚಿದಾಗ ಪುಸ್ತಕದ ರಟ್ಟು ತೂರುವ ಜೇಬುಗಳಾಗುತ್ತವೆ. ಹೊರಮೈಯನ್ನು ಮೇಲ್ಮುಖವಾಗಿ ಹಾಸಿ, ಜೇಬುಗಳ ಕತ್ತರಿಸಿದ ಅಂಚು ಹೊರಗಡೆಗೂ ಮಡಿಕೆ ನಡುವಿನ ಕಡೆಗೂ ಬರುವಂತೆ ಎರಡು ತುದಿಗಳಲ್ಲಿ ಇಟ್ಟು, ಪುಟದ ಗುರುತಿಗೆ ಬೇಕಾದ ಸೀರೆಯಂಚಿನ ಪಟ್ಟಿಯನ್ನು ಮೇಲಿನ ಅಂಚಿನ ನಡುವೆ ಸೇರಿಸಿ, ಎಲ್ಲದರ ಮೇಲೆ ಒಳಬಟ್ಟೆಯನ್ನು ಕೆಳಮುಖವಾಗಿ ಹೊದಿಸಿ, ಸುತ್ತಲೂ ಹೊಲಿಯಬೇಕು. ಕೆಳಗಿನ ಅಂಚಿನ ನಡುವೆ ಮಾತ್ರ 10 ಸೆಂಟಿಮೀಟರ್ ಬಿಡಬೇಕು. ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಬಿಟ್ಟ ಕಂಡಿಯಿಂದ ಇಡೀ ಹೊದಿಕೆಯನ್ನು ಹೊರಮಗುಚಿ, ಜೇಬುಗಳನ್ನು ಒಳಬದಿಗೆ ತಿರುಗಿಸಿ, ಇಸ್ತ್ರಿ ಮಾಡಿ, ಕಂಡಿಯನ್ನು ಕೈಯಿಂದ ಮುಚ್ಚಿದಲ್ಲಿಗೆ ಹೊದಿಕೆ ಸಿದ್ಧವಾಗುತ್ತದೆ.

ಕರಟದ ಗುಂಡಿ

ಹೊದಿಕೆಗೆ ಈ ಸೀಮೆಯ ಗುರುತನ್ನು ಕೊಡಬಲ್ಲದ್ದು ಅದರ ಗುಂಡಿ. ತಿಪಟೂರು ಸೀಮೆಯ ಉಂಡೆ ಕೊಬ್ಬರಿಯನ್ನು ಪಡೆಯಲು ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಸುಮಾರು ಒಂದು ವರ್ಷ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟದಿಂದ ಬಿಟ್ಟುಕೊಂಡ ಮೇಲೆ ಸಿಪ್ಪೆ ಸುಲಿದು ಕರಟ ಒಡೆದು ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತಾರೆ. ಹೀಗೆ ಉಳಿಯುವ ಕರಟ ಇದ್ದಿಲು ಮಾಡಲು ಹೋಗುತ್ತದೆ. ಅದರಲ್ಲಿ ಹೆಚ್ಚು ಬಾಗಿರದ ಒಂದು ಚೂರನ್ನು ಆರಿಸಿಕೊಂಡು, ಸಣ್ಣ ಗರಗಸದಿಂದ ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ದುಂಡಗೆ ಕತ್ತರಿಸಿ, ಎರಡು ತೂತು ಕೊರೆದು, ಮೊದಲು ಒರಟು ಆಮೇಲೆ ನಯವಾದ ಉಜ್ಜುಕಾಗದದಿಂದ ತಿಕ್ಕಿದರೆ ಗಟ್ಟಿಯಾದ, ಕಂದುಬಣ್ಣದ ಗುಂಡಿ ಸಿದ್ಧವಾಗುತ್ತದೆ. ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿ ಒರೆಸಿದರೆ ಹೊಳಪು ಬರುತ್ತದೆ. ಒರೆಸದೆ ಬಿಟ್ಟರೆ ಬಟ್ಟೆಗೆ ಎಣ್ಣೆಯ ಕಲೆ ಹತ್ತುತ್ತದೆ.

ಗುಂಡಿಯನ್ನು ಒಳಬಟ್ಟೆ ಜೋಡಿಸುವ ಮೊದಲೇ ಹೊರಮೈಗೆ ಹೊಲಿದುಬಿಡಬೇಕು, ಏಕೆಂದರೆ ಕೊನೆಯಲ್ಲಿ ಹೊಲಿದರೆ ಸೂಜಿ ಜೇಬನ್ನೂ ಹಿಡಿದು ರಟ್ಟು ತೂರದಂತಾಗುತ್ತದೆ. ಹೊರಮೈಯನ್ನು ಮೇಲ್ಮುಖವಾಗಿ ಹಾಸಿದಾಗ ಬಲಭಾಗ ಪುಸ್ತಕದ ಮುಂಬದಿಯಾಗುವುದರಿಂದ ಗುಂಡಿ ಬಲ ಅಂಚಿನಿಂದ ಐದು ಸೆಂಟಿಮೀಟರ್ ಒಳಗೆ ಬರಬೇಕು. ಹೆಣೆದ ಹತ್ತಿ ದಾರದ ಕುಣಿಕೆಯನ್ನು ಎಡ ಅಂಚಿನ ನಡುವೆ, ಹೊರಮೈಗೂ ಜೇಬಿಗೂ ಮಧ್ಯೆ, ಒಳಮುಖವಾಗಿ ಇಟ್ಟು ಸುತ್ತಲಿನ ಹೊಲಿಗೆಯಲ್ಲಿ ಸೇರಿಸಬೇಕು.

ಕೊಡುವ ಸಂದರ್ಭ

ಕೊಡುವುದು ಪಡೆಯುವುದು ಈ ಸೀಮೆಯ ಬಾಳಿನಲ್ಲಿ ಲೆಕ್ಕವಿಟ್ಟು ನಡೆಸುವ ವ್ಯವಹಾರ. ಮದುವೆಗೆ ಬಂದ ನೆಂಟರು ಹಾಕುವ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು ಇಂದಿಗೂ ರೂಢಿಯಲ್ಲಿದೆ. ಮುಯ್ಯಿ ಬರೆದ ಪುಸ್ತಕವನ್ನು ಮನೆಗಳಲ್ಲಿ ವರ್ಷಗಟ್ಟಲೆ ಜೋಪಾನ ಮಾಡುವುದರಿಂದ, ಮದುವೆಯ ಮನೆಗೆ ಬಟ್ಟೆ ಹೊದಿಕೆಯ ಪುಸ್ತಕ ತಕ್ಕ ಉಡುಗೊರೆ. ತವರಿನಿಂದ ಹೊರಡುವ ಮಗಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ ತುಂಬುವಾಗ, ಅಜ್ಜಿ ಮತ್ತು ತಾಯಿಯ ಸೀರೆಯ ಚೂರುಗಳಿಂದ ಹೊಲಿದ ಹೊದಿಕೆಯೊಳಗೆ ಮನೆಯ ಅಡುಗೆಯ ಅಳತೆಗಳನ್ನೋ ಹಬ್ಬದ ಹಾಡುಗಳನ್ನೋ ಬರೆದ ಪುಸ್ತಕವನ್ನು ಇಟ್ಟುಕೊಟ್ಟರೆ, ಮನೆತನದ ತಿಳಿವಳಿಕೆಯೂ ಮಗಳ ಜೊತೆಗೆ ಹೋಗುತ್ತದೆ. ತೋಟಗಾರರಿಗೆ ಕೊಡುವ ಪುಸ್ತಕದಲ್ಲಿ ಯಾವ ಕೊಯ್ಲಿನಲ್ಲಿ ಎಷ್ಟು ಕಾಯಿ ಬಿತ್ತು, ಅಟ್ಟಕ್ಕೆ ಎಂದು ಏರಿಸಿದ್ದು, ಯಾವ ಸಾಲಿನ ಮರಕ್ಕೆ ರೋಗ ತಗುಲಿತು ಎಂಬ ವಿವರಗಳು ಸೇರುತ್ತ ಹೋದರೆ, ಮುಂದೆ ತೋಟ ನೋಡಿಕೊಳ್ಳುವವರಿಗೆ ಅದಕ್ಕಿಂತ ನಂಬಿಕೆಯ ದಾಖಲೆ ಬೇರೆ ಇರುವುದಿಲ್ಲ.

ಶಾಲೆ ಬಿಡುವ ಮಕ್ಕಳಿಗೂ, ನಿವೃತ್ತರಾಗುವ ಶಿಕ್ಷಕರಿಗೂ ಇದನ್ನು ಕೊಡಬಹುದು. ಆಯುಧಪೂಜೆಯ ಹೊತ್ತಿನಲ್ಲಿ ಹೊಲಿಗೆ ಯಂತ್ರಕ್ಕೂ, ಅದೇ ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಪುಸ್ತಕಕ್ಕೂ ಹೂವೇರಿಸುವ ಮನೆಗಳಲ್ಲಿ ಆ ಎರಡನ್ನೂ ಒಂದುಗೂಡಿಸಿದ ಈ ವಸ್ತುವನ್ನು ಕೊಡಲು ದಸರೆಯೂ ಸೊಗಸಾದ ಸಂದರ್ಭ. ಹೊದಿಕೆಯ ಜೊತೆಗೆ, ಯಾವ ಚೌಕ ಯಾರ ಯಾವ ಬಟ್ಟೆಯದು ಎಂಬುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಕೊಡುವವರೇ ಬರೆದಿಡುವುದು ಅಗತ್ಯ. ಹೊಲಿದವರಿಗೆ ನೆನಪಿರುವುದು ಮುಂದಿನ ತಲೆಮಾರಿಗೆ ತಿಳಿಯಬೇಕಾದರೆ ಅದು ಬರಹಕ್ಕೆ ಇಳಿಯಲೇಬೇಕು.

ಅಂಟಿಸಿದ ರಟ್ಟಿನ ಪುಸ್ತಕಕ್ಕೂ ಈ ಹೊದಿಕೆಗೂ ಇರುವ ದೊಡ್ಡ ವ್ಯತ್ಯಾಸ ಬಾಳಿಕೆಯದು. ಪುಟಗಳು ತುಂಬಿದ ಮೇಲೆ ಹೊದಿಕೆಯನ್ನು ಬಿಚ್ಚಿ, ತಣ್ಣೀರಿನಲ್ಲಿ ಕೈಯಿಂದ ಒಗೆದು, ನೆರಳಿನಲ್ಲಿ ಒಣಗಿಸಿ, ಅದೇ ಅಳತೆಯ ಹೊಸ ಪುಸ್ತಕಕ್ಕೆ ತೊಡಿಸಬಹುದು. ಒಂದು ಚೌಕ ಸವೆದರೆ ಅದರ ಮೇಲೆ ಇನ್ನೊಂದು ತುಂಡನ್ನಿಟ್ಟು ಹೊಲಿಯಬಹುದು. ಅಳತೆ ತೆಗೆಯುವುದು, ಎಳೆಯ ನೇರಕ್ಕೆ ಕತ್ತರಿಸುವುದು, ಪದರ ಸೇರಿಸುವುದು, ಮೂಲೆ ತಿರುಗಿಸುವುದು, ಗುಂಡಿ ಹಚ್ಚುವುದು ಹೀಗೆ ಹೊಲಿಗೆಯ ಮೂಲಪಾಠಗಳೆಲ್ಲ ಈ ಒಂದು ಪುಟ್ಟ ವಸ್ತುವಿನಲ್ಲಿ ಅಡಕವಾಗಿರುವುದರಿಂದ, ಮಹಿಳಾ ಸ್ವಸಹಾಯ ಸಂಘಗಳ ಹೊಲಿಗೆ ತರಗತಿಗಳಲ್ಲೂ ಶಾಲೆಗಳ ಕರಕುಶಲ ಪಾಠದಲ್ಲೂ ಇದಕ್ಕೆ ಸ್ಥಾನ ಸಿಗಬೇಕು. ಬೇಕಾದ ಬಟ್ಟೆ ಮನೆಯ ಪೆಟ್ಟಿಗೆಯಲ್ಲೂ, ಗುಂಡಿಗೆ ಬೇಕಾದ ಕರಟ ಹಿತ್ತಿಲಲ್ಲೂ ಇರುವ ಚಿಕ್ಕನಾಯಕನಹಳ್ಳಿಯಂಥ ಊರಿನಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ನೂಲು, ಸೂಜಿ ಮತ್ತು ಒಂದು ಖಾಲಿ ಪುಸ್ತಕವಷ್ಟೇ. ಮನೆಯ ಹಿರಿಯರ ಬಟ್ಟೆಗಳು ಚಿಂದಿಯಾಗಿ ಹೊರಹೋಗುವ ಮೊದಲು, ಅವರ ಮಾತು ಮರೆತುಹೋಗುವ ಮೊದಲು, ಎರಡನ್ನೂ ಒಂದೇ ಕಡೆ ಉಳಿಸಿಕೊಳ್ಳುವ ಕೆಲಸವನ್ನು ಇಷ್ಟು ಅಲ್ಪ ಖರ್ಚಿನಲ್ಲಿ ಯಾವ ಮನೆಯಲ್ಲಾದರೂ ಆರಂಭಿಸಬಹುದು.